ನೇರಳೆ ಹೆಬ್ಬಟ್ಟು

ನಮ್ಮೂರು ಹೂವಿನ ಹಿಪ್ಪರಗಿ. ಎಪ್ಪತ್ತರ ದಶಕದಲ್ಲಿ ಅಲ್ಲಿಂದ ಸಮುದ್ರಕ್ಕೆ ಹೋಗಬೇಕೆಂದರೆ ಮೂರು ಬಸ್ಸು ಬದಲಿಸಬೇಕಿತ್ತು. ನಮ್ಮ ಓಣಿಯಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ. ಅಂಥ ಓಣಿಯ ಹುಡುಗಿ ನಾನು, ಕಡಲ ದಂಡೆಯ ನೀರಿನಲ್ಲಿ ಕರಗಿದ ಅಮೈನೋ ಆಮ್ಲ ಅಳೆಯಲು ಕರಾವಳಿಯ ಒಂದು ಪ್ರಯೋಗಾಲಯ ಸೇರಿದ್ದೆ.

ಇದನ್ನು ಅವ್ವನಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಮೀನು, ಪಾಚಿ, ಕಣ್ಣಿಗೆ ಕಾಣದ ಹುಳ, ಎಲ್ಲವೂ ಬದುಕಿದ್ದಾಗಲೂ ಸತ್ತ ಮೇಲೂ ಮೈಯ ಪ್ರೋಟೀನಿನ ಚೂರುಗಳನ್ನು ನೀರಿಗೆ ಬಿಡುತ್ತವೆ, ಅವು ಎಷ್ಟಿವೆ ಎಂದು ನೋಡುವುದೇ ನನ್ನ ಕೆಲಸ ಎಂದೆ. ಉಪ್ಪುನೀರು ನೋಡಲು ಅಷ್ಟು ದೂರ ಯಾಕೆ, ನಮ್ಮ ಡೋಣಿ ಹೊಳೆಯೇ ಸವಳು ಇದೆಯಲ್ಲ ಎಂದಳು ಅವ್ವ. ಅದೂ ಸುಳ್ಳಲ್ಲ. ಡೋಣಿಯ ನೀರನ್ನು ಬಾಯಿಗೆ ಹಾಕುವಂತಿರಲಿಲ್ಲ, ಆದರೆ ಅದರ ದಂಡೆಯ ಎರೆಮಣ್ಣಿನ ಜೋಳದ ರೊಟ್ಟಿ ತಿಂದೇ ನಾವೆಲ್ಲ ಬೆಳೆದದ್ದು.

ಅವ್ವ ಸಾಲಿಯ ಕಟ್ಟೆ ಹತ್ತಿದವಳಲ್ಲ. ಎಲ್ಲಿ ಸಹಿ ಕೇಳಿದರೂ ಹೆಬ್ಬಟ್ಟು ಒತ್ತುವಳು. ನಮ್ಮ ಕಡೆ ಓದುಬರಹ ಬಾರದವರಿಗೆ ‘ಹೆಬ್ಬಟ್ಟು’ ಎಂದೇ ಹೆಸರು, ಆ ಮಾತು ಅವಳಿಗೆ ಮುಳ್ಳು ಚುಚ್ಚಿದ ಹಾಗೆ ಆಗುತ್ತಿತ್ತು. ಮಗಳು ಹೆಬ್ಬಟ್ಟು ಆಗಬಾರದೆಂದು ಅಪ್ಪನ ಜೊತೆ ಜಗಳಾಡಿ ನನ್ನನ್ನು ವಿಜಾಪುರಕ್ಕೆ, ಆಮೇಲೆ ಧಾರವಾಡಕ್ಕೆ ಓದಲು ಕಳಿಸಿದವಳು ಅವಳೇ. ಕಡಲಿಗೆ ಹೋಗಲು ಅಪ್ಪ ಒಂದೇ ವರ್ಷ ಕೊಟ್ಟಿದ್ದ. ಅಷ್ಟರಲ್ಲಿ ಕೆಲಸ ಕೈಗೆ ಹತ್ತಿದರೆ ಸರಿ, ಇಲ್ಲದಿದ್ದರೆ ಮನಗೂಳಿಯ ಕಾಳಿನ ವ್ಯಾಪಾರಿಯ ಮಗ ತಯಾರಿದ್ದ. ಆ ಹುಡುಗನ ಮೇಲೆ ನನಗೇನೂ ಸಿಟ್ಟಿರಲಿಲ್ಲ, ಅವನನ್ನು ನಾನು ನೋಡೇ ಇರಲಿಲ್ಲ.

ಆದರೆ ಕೆಲಸ ಕೈಗೆ ಹತ್ತಲಿಲ್ಲ. ನೀರಿನ ಉಪ್ಪು ತೆಗೆದು, ಇಂಗಿಸಿ, ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಬೆರೆಸಿ ಕಾಯಿಸಿದರೆ ಅಮೈನೋ ಆಮ್ಲ ಇದ್ದಲ್ಲಿ ನೇರಳೆ ಬಣ್ಣ ಬರುತ್ತದೆ. ಪ್ರತಿ ಸಲವೂ ಸಮುದ್ರದ ನೀರಿನ ಜೊತೆಗೆ ಒಂದು ಸೀಸೆ ಶುದ್ಧ ನೀರನ್ನೂ ಹೀಗೇ ಪರೀಕ್ಷಿಸಬೇಕು, ಅದಕ್ಕೆ ಬಣ್ಣ ಬರಬಾರದು. ನನ್ನದಕ್ಕೆ ಬರುತ್ತಿತ್ತು. ಗುರುಗಳು ಕರಾವಳಿಯವರು, ಮಾತು ಮೆತ್ತಗೆ, ಏಟು ಜೋರು. ನಿಮ್ಮ ಶುದ್ಧ ನೀರಿನಲ್ಲಿ ಮೀನು ಸಾಕಿದ್ದೀರಾ ಎಂದು ಕೇಳಿದರು. ಸಂಕ್ರಾಂತಿ ಕಳೆದು ಹದಿನೈದು ದಿನದೊಳಗೆ ಸರಿಹೋಗದಿದ್ದರೆ ಈ ಕೆಲಸ ಬೇರೆಯವರಿಗೆ ಎಂದೂ ಹೇಳಿದರು.

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಗಾಜಿನ ಪಾತ್ರೆ ತೊಳೆಯುವ ಸಿಪಾಯಿಯ ಮೇಲೆ ಹರಿಹಾಯ್ದೆ. ಆ ಪಾಪದ ಮನುಷ್ಯ ತೊಳೆದಿಟ್ಟ ಸೀಸೆಗಳನ್ನೇ ಮತ್ತೆ ತೊಳೆಯಲು ಎತ್ತಿಕೊಂಡ. ಅಂದಿನಿಂದ ಎಲ್ಲವನ್ನೂ ನಾನೇ ಆಮ್ಲದಲ್ಲಿ ನೆನೆಹಾಕಿ, ನಾನೇ ತೊಳೆದೆ. ಬಣ್ಣ ಇನ್ನೂ ಗಾಢವಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಗಿತ್ತು ನನ್ನ ಪಾಡು.

ಎಳ್ಳ ಅಮಾವಾಸ್ಯೆಗೆ ಊರಿಗೆ ಬಂದೆ. ಸಜ್ಜಿ ರೊಟ್ಟಿ ಬಡಿಯುತ್ತಿದ್ದ ಅವ್ವ ನನ್ನ ಕೈ ನೋಡಿ ಬಡಿಯುವುದನ್ನು ನಿಲ್ಲಿಸಿದಳು. ನಿನ್‌ಹೈಡ್ರಿನ್ ತಾಗಿ ನನ್ನ ಹೆಬ್ಬಟ್ಟು ಅಚ್ಚ ನೇರಳೆಯಾಗಿತ್ತು.

“ಇಷ್ಟೆಲ್ಲಾ ಓದಿ ಕಡೀಕ ನೀನೂ ಹೆಬ್ಬಟ್ಟು ಒತ್ತಾಕತ್ತೀಯೇನು?” ಎಂದಳು.

ಮನೆಮಂದಿಯೆಲ್ಲ ನಕ್ಕರು, ನಾನೂ ನಕ್ಕೆ. ಮರುದಿನ ಬೆಳಿಗ್ಗೆ ಅವಳು ಹಿತ್ತಲಲ್ಲಿ ಹುಣಸೆಹಣ್ಣು, ಬೂದಿ ಹಚ್ಚಿ ತಾಮ್ರದ ಕೊಡ ತಿಕ್ಕುತ್ತಿದ್ದಳು. ತೊಳೆದು ಮುಗಿಸಿ, ಕೊಡದ ಬಾಯಿಯ ಒಳಸುತ್ತಿಗೆ ಹೆಬ್ಬಟ್ಟನ್ನು ಒತ್ತಿ ಎಳೆದಳು. ಕೀರ್ ಎಂದಿತು. ಹಾಗೇಕೆ ಮಾಡುತ್ತಿ ಎಂದು ಕೇಳಿದೆ.

“ಕೀರ್ ಅಂದ್ರ ಸ್ವಚ್ಛ ಆತು ಅಂತ. ನಿನಗೂ ನಾನೇ ಕಲಿಸೇನಲ್ಲ.”

ಹೌದು, ಕಲಿಸಿದ್ದಳು. ಎಂಟು ವರ್ಷದವಳಿದ್ದಾಗಿನಿಂದ ತಂಬಿಗೆ, ಕೊಡ, ಚರಗಿ, ಏನೇ ತೊಳೆದರೂ ನನ್ನ ಹೆಬ್ಬಟ್ಟು ತಾನಾಗಿಯೇ ಅದರ ಬಾಯಿ ಸುತ್ತುತ್ತಿತ್ತು. ಸಿಪಾಯಿ ತೊಳೆದು ಕೊಟ್ಟಾಗಲೂ, ನಾನೇ ತೊಳೆದಾಗಲೂ, ಪ್ರಯೋಗಾಲಯದ ಒಂದೊಂದು ಗಾಜಿನ ಸೀಸೆಯನ್ನೂ ನಾನು ಹೀಗೇ ಕೀರ್ ಅನ್ನಿಸಿ ಇಡುತ್ತಿದ್ದೆ. ಬೆರಳಿನ ಬೆವರಿನಲ್ಲಿರುವ ಅಮೈನೋ ಆಮ್ಲದ ಮುಂದೆ ಕಡಲಿನ ನೀರಿನದು ಲೆಕ್ಕಕ್ಕೇ ಇಲ್ಲ. ಅಷ್ಟು ತಿಂಗಳು ನಾನು ಅಳೆದದ್ದು ಸಮುದ್ರವನ್ನಲ್ಲ, ನನ್ನ ಹೆಬ್ಬಟ್ಟನ್ನು.

ಖುಷಿಗೆ ಕುಣಿದುಬಿಟ್ಟೆ. ಸಿಕ್ಕಿತು, ಸಿಕ್ಕಿತು ಎಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳ ಮುಖ ಸಣ್ಣದಾಯಿತು.

“ಹಂಗಾರ ನಾ ಕಲಿಸಿದ್ದರಿಂದ ನಿನ್ನ ಕೆಲಸ ಕೆಟ್ಟಿತೇನು?”

ಮತ್ತೇನು, ಎಂದೆ ನಗುತ್ತ. ಅವಳು ನಗಲಿಲ್ಲ. ಅದನ್ನು ನೋಡಿಯೂ ನಾನು ವಹಿ ತೆಗೆದು ಬರೆದುಕೊಳ್ಳುತ್ತ ಕುಳಿತೆ. ಇಷ್ಟು ವರ್ಷವಾದರೂ ಆ ಒಂದು ಮಾತಿಗೆ ನನ್ನನ್ನು ನಾನು ಕ್ಷಮಿಸಿಲ್ಲ.

ಹೊರಡುವ ದಿನ ನನ್ನ ವಹಿಯೊಳಗಿದ್ದ ಸೋಸುವ ಕಾಗದವೊಂದನ್ನು, ಬಿಳಿಯ ದುಂಡನೆಯದನ್ನು, ತೋರಿಸಲು ತೆಗೆದೆ. ಅವ್ವ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡಳು. ಮುಟ್ಟಬಹುದೋ ಇಲ್ಲವೋ ಎಂದು ಕೇಳಿದಳು. ಮುಟ್ಟು ಎಂದೆ. ಹೆಬ್ಬಟ್ಟು ಮತ್ತು ತೋರುಬೆರಳ ನಡುವೆ ಹಿಡಿದು, ತಿರುಗಿಸಿ ನೋಡಿ, ಇದರಲ್ಲಿ ಏನೂ ಬರೆದಿಲ್ಲವಲ್ಲ ಎಂದು ಮರಳಿ ಕೊಟ್ಟಳು.

ಪ್ರಯೋಗಾಲಯಕ್ಕೆ ಮರಳಿದ ಮೇಲೆ ಮೊದಲು ಸಿಪಾಯಿಯ ಕ್ಷಮೆ ಕೇಳಿದೆ. ಆಮೇಲೆ ಸೀಸೆಗಳನ್ನು ಬೆರಳು ತಾಗದಂತೆ ಚಿಮಟದಲ್ಲೇ ಹಿಡಿದೆ. ಶುದ್ಧ ನೀರು ಬಣ್ಣವಿಲ್ಲದೆ ನಿಂತಿತು, ಪಕ್ಕದಲ್ಲಿ ದಂಡೆಯ ನೀರು ತೆಳ್ಳನೆಯ ನೇರಳೆ. ಗುರುಗಳು ಬಹಳ ಹೊತ್ತು ನೋಡಿ, ಈಗ ಇದು ಕಡಲು ಎಂದರು. ಕೆಲಸ ಕೈಗೆ ಹತ್ತಿತು ಎಂದು ಅಪ್ಪನಿಗೆ ಕಾಗದ ಬರೆದೆ. ಮನಗೂಳಿಯವರು ಬೇರೆ ಹುಡುಗಿ ನೋಡಿಕೊಂಡರು.

ಆ ಸಂಜೆ, ಉಳಿದ ನಿನ್‌ಹೈಡ್ರಿನ್ನನ್ನು ಅವ್ವ ಹಿಡಿದಿದ್ದ ಕಾಗದಕ್ಕೆ ಸಿಂಪಡಿಸಿ ಕಾಯಿಸಿದೆ. ಬಿಳಿಯ ಮೇಲೆ ಮೆಲ್ಲಗೆ ಅವಳ ಹೆಬ್ಬಟ್ಟು ಎದ್ದು ಬಂತು. ಗೆರೆ ಗೆರೆ, ನಡುವೆ ಕುಡಗೋಲು ತಾಗಿದ ಹಳೆಯ ಗಾಯದ ಅಡ್ಡಗೀಟು. ನಾನು ಅಲ್ಲೇ ಕುಳಿತು ಅತ್ತೆ.

ಮುಂದಿನ ಸಲ ಊರಿಗೆ ಹೋದಾಗ ಅದನ್ನು ಒಯ್ದು ಅವಳ ಕೈಯಲ್ಲಿಟ್ಟೆ. ಇದು ನಿನ್ನದೇ, ನನ್ನ ಕೆಲಸ ಉಳಿಸಿದ್ದೂ ಇದೇ ಎಂದೆ. ಅವ್ವ ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

“ನಾ ಶಾಯಿನ ಹಚ್ಚಿರಲಿಲ್ಲಲ್ಲ,” ಎಂದಳು.

ಆಮೇಲೆ ತನ್ನ ಹೆಬ್ಬಟ್ಟನ್ನು ಆ ಗುರುತಿನ ಮೇಲಿಟ್ಟು, ಸರಿಯಾಗಿ ಕೂಡುತ್ತದೋ ಇಲ್ಲವೋ ನೋಡಿದಳು.