ಪಂಕಜಾಕ್ಷಿಯ ಬಚ್ಚಲ ಬಾಗಿಲು

ಹಟ ಅಂದರೆ ನಮ್ಮ ವರ್ಕಾಡಿಯಲ್ಲಿ ಪಂಕಜಾಕ್ಷಿಯ ಹೆಸರು ಹೇಳಬೇಕು. ನಾನೂ ಆಯುಷ್ಯವಿಡೀ ಶಾಲೆಯಲ್ಲಿ ಮಕ್ಕಳನ್ನು ಗದರಿಸಿದವಳು, ಸುಲಭಕ್ಕೆ ಸೋಲುವವಳಲ್ಲ. ಆದರೆ ಪಕ್ಕದ ಮನೆಯ ಈ ಬೀಡಿ ಕಟ್ಟುವ ಹೆಂಗಸಿನ ಎದುರು ನನ್ನ ಬೇಳೆ ಬೇಯುವುದಿಲ್ಲ.

ಅವಳ ಗಂಡ ಸುಕುಮಾರಣ್ಣ ಹೊಸಂಗಡಿಗೆ ಜೀಪು ಓಡಿಸುತ್ತಿದ್ದವರು. ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸೋತವು. ಗೋಡೆ ಹಿಡಿದು ನಡೆಯುವಷ್ಟು ಚೇತರಿಸಿದ ಮೇಲೆ ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಜಾರಿ ಬಿದ್ದರು. ಒಳಗಿನಿಂದ ಚಿಲಕ ಹಾಕಿತ್ತು. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಅವರು ಬಾಗಿಲಿಗೇ ಒರಗಿ ಬಿದ್ದಿದ್ದರು. ಚಿಲಕ ಮುರಿದರೂ ಬಾಗಿಲು ಸರಿಯಲಿಲ್ಲ. ಕೊನೆಗೆ ನಾನೂ ಅವಳೂ ಹಾರೆಯಿಂದ ಹಲಗೆ ಸೀಳಿ ಅವರನ್ನು ಹೊರಗೆ ತೆಗೆದೆವು. ಸೀಳಿದ ಹಲಗೆ ತಾಗಿ ಅವರ ಹಣೆ ಒಡೆಯಿತು.

ನೆಂಟರೆಲ್ಲ ಬಂದು ನೋಡಿ ಒಂದೇ ಮಾತು ಹೇಳಿದರು: ಇನ್ನು ಬಾಗಿಲೂ ಬೇಡ, ಚಿಲಕವೂ ಬೇಡ, ಒಂದು ಪರದೆ ಸಾಕು. ಹೇಳುವವರಿಗೇನು, ಪರದೆಯ ಹಿಂದೆ ಕೂರಬೇಕಾದವರು ಅವರಲ್ಲವಲ್ಲ! ಪರದೆ ಬಂತು. ಸುಕುಮಾರಣ್ಣ ನೀರು ಕುಡಿಯುವುದನ್ನೇ ಬಿಟ್ಟರು. ಮನೆಗೆ ಯಾರಾದರೂ ಬಂದರೆ ಅವರು ಹೋಗುವ ತನಕ ಹಲ್ಲು ಕಚ್ಚಿ ಕೂರುವರು. ಉರಿಮೂತ್ರವಾಗಿ ಡಾಕ್ಟರರ ಕೈಯಲ್ಲಿ ಬೈಸಿಕೊಂಡರೂ ಚೆಂಬು ಮುಟ್ಟಲಿಲ್ಲ. ಜೀಪಿನಲ್ಲಿ ಇಡೀ ಊರನ್ನು ನಗಿಸುತ್ತಿದ್ದ ಮನುಷ್ಯ ಹೀಗೆ ಮುದುಡಿಹೋದರು.

ಒಂದು ದಿನ ಪಂಕಜಾಕ್ಷಿ ಹಳೆಯ ಬಾಗಿಲಿನಿಂದ ಕಿತ್ತ ಬಿಜಾಗರಿ ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು.

"ಇವರು ಚಿಲಕ ಹಾಕ್ಬೇಕು ಟೀಚರೇ. ನನಗೆ ಹೊರಗಿಂದ ತೆಗೀಲಿಕ್ಕೂ ಆಗ್ಬೇಕು."

ಅಂಥ ಬಾಗಿಲು ಎಲ್ಲಿಯಾದರೂ ಉಂಟಾ ಎಂದು ನಾನು ರೇಗಿದೆ. ಅವಳು ಬಿಜಾಗರಿಯ ಎರಡು ಪಟ್ಟಿಗಳನ್ನು ಸೇರಿಸುವ ಕಡ್ಡಿಯ ಮೇಲೆ ಬೆರಳಿಟ್ಟು ತೋರಿಸಿದಳು. ಬಾಗಿಲು ಹೊರಕ್ಕೆ ತೆರೆಯುವ ಹಾಗಿದ್ದರೆ ಈ ಕಡ್ಡಿಯೂ ಹೊರಬದಿಗೆ ಬರುತ್ತದೆ. ಕಡ್ಡಿ ಎಳೆದು ಬಿಜಾಗರಿ ಬದಿಯ ಅಂಚನ್ನು ಹಿಡಿದು ಜಗ್ಗಿದರೆ ಇಡೀ ಬಾಗಿಲೇ ಕೈಗೆ ಬರುತ್ತದೆ, ಆಚೆ ಬದಿಯ ಚಿಲಕ ತಾನಾಗಿ ಜಾರುತ್ತದೆ.

ಮರುದಿನ ನನ್ನನ್ನೂ ಹೊಸಂಗಡಿಯ ಬಸ್ಸು ಹತ್ತಿಸಿದಳು. ಹಾರ್ಡ್‌ವೇರ್ ಅಂಗಡಿಯವನು ಥಳಥಳಿಸುವ ಬಿಜಾಗರಿಗಳನ್ನು ಮೇಜಿನ ಮೇಲೆ ಸುರಿದ. ಇವಳು ಒಂದೊಂದರ ಕಡ್ಡಿಗೂ ಉಗುರು ಹಾಕಿ ಎಳೆದಳು. ಚಂದದವಕ್ಕೆಲ್ಲ ಕಡ್ಡಿಯ ಎರಡೂ ತುದಿ ಬಡಿದು ಮುಚ್ಚಿತ್ತು. ಕಬ್ಬಿಣದವುಗಳ ಕಡ್ಡಿ ಬರುತ್ತಿತ್ತು, ಆದರೆ ಬಚ್ಚಲ ನೀರಿಗೆ ತುಕ್ಕು ಕಚ್ಚಿದರೆ ಅವಸರಕ್ಕೆ ಬಂದೀತೇ? ತುಕ್ಕು ಹಿಡಿಯದ ಸ್ಟೀಲಿನದ್ದೇ ಬೇಕು, ಕಡ್ಡಿ ಸಲೀಸಾಗಿ ಬರುವಂಥದ್ದೇ ಬೇಕು ಎಂದು ಪಟ್ಟು ಹಿಡಿದಳು. ಅಂಗಡಿಯವನಿಗೆ ತಲೆ ಕೆಟ್ಟಿತು. ಲೋಕದವರೆಲ್ಲ ಕಡ್ಡಿ ಬಾರದ್ದು ಕೇಳುತ್ತಾರೆ, ಕಳ್ಳ ಬಂದು ಎಳೆದರೆ ಎಂತ ಮಾಡ್ತೀರಿ ಎಂದ.

"ಬಚ್ಚಲಿಗೆ ಬಂದ ಕಳ್ಳ ಎಂತ ಕೊಂಡೋಗ್ತಾನೆ ಮಾರಾಯ, ಚೆಂಬಾ?"

ಅವನು ನಕ್ಕು, ಅಟ್ಟಕ್ಕೆ ಹತ್ತಿ, ಧೂಳು ಹಿಡಿದ ಪೆಟ್ಟಿಗೆಯಿಂದ ಮೂರು ಹುಡುಕಿ ಕೊಟ್ಟ.

ಹಗುರದ ಫೈಬರ್ ಬಾಗಿಲು ತಂದದ್ದಾಯಿತು. ಅದನ್ನು ಕೂರಿಸಲು ಬಂದ ಬಡಗಿ ಉದಯಶಂಕರ ಆಚಾರಿಯದ್ದು ಇನ್ನೊಂದು ರಗಳೆ. ಹೊರಕ್ಕೆ ತೆರೆದರೆ ಓಡಾಡುವವರ ಮೂತಿಗೆ ಬಡಿಯುತ್ತದೆ ಎಂದ. ಬಡಿಯಲಿ, ಮೂತಿ ನಮ್ಮದೇ ಎಂದಳು. ಮೇಲಿನ ಬಿಜಾಗರಿಯನ್ನು ತನ್ನ ಕೈಗೆ ಎಟುಕುವಷ್ಟು ಕೆಳಗಿಳಿಸಿದಳು. ಮೂರೂ ಒಂದೇ ನೇರಕ್ಕೆ ಕೂರದೆ ನಡುವಿನ ಕಡ್ಡಿ ಬಿಗಿಯಾದಾಗ, ತಿರುಪುಗಳನ್ನೆಲ್ಲ ಬಿಚ್ಚಿಸಿ ಮತ್ತೆ ಹಾಕಿಸಿದಳು. ಆಚಾರಿ ಗೊಣಗಿದ, ಆದರೆ ಕೆಲಸ ಸರಿಯಾಗಿಯೇ ಮಾಡಿದ.

ಬಾಗಿಲು ನಿಂತ ಮೇಲೆ ಗಂಡನನ್ನು ಕರೆದು, ಒಳಗೆ ಹೋಗಿ ಚಿಲಕ ಹಾಕಿ ನೋಡಿ ಎಂದಳು. ಸುಕುಮಾರಣ್ಣ ಕುರ್ಚಿಯಿಂದ ಏಳಲಿಲ್ಲ.

"ನಾನು ಬಿದ್ರೆ ನೀನು ತೆಗೀತಿ. ನೀನು ಬಿದ್ರೆ? ನಾನು ನೋಡ್ತಾ ಕೂರುದಾ?"

ಪಕ್ಕದಲ್ಲಿ ನಾನಿಲ್ಲವಾ ಎನ್ನಲು ಬಾಯಿ ತೆರೆದೆ. ಪಂಕಜಾಕ್ಷಿ ಕಣ್ಣಲ್ಲೇ ತಡೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

"ನಾನು ಬಿದ್ದಿದ್ದೇನೆ. ತೆಗೀರಿ," ಎಂದಳು ಒಳಗಿನಿಂದ.

ಅವರು ನಮ್ಮ ಮುಖ ನೋಡಿದರು. ಆಮೇಲೆ ಎದ್ದರು. ಕೆಳಗಿನ ಕಡ್ಡಿಗೆ ಬಗ್ಗುವಷ್ಟರಲ್ಲೇ ಬೆವರಿದರು, ಆದರೂ ಎಳೆದರು. ನಡುವಿನದ್ದು ಸುಲಭದಲ್ಲಿ ಬಂತು. ಮೇಲಿನದ್ದಕ್ಕೆ ಗೋಡೆಗೆ ಭುಜ ಒರಗಿಸಿ ಬಲಗೈ ಎತ್ತಿದರೆ ಬೆರಳು ಕಡ್ಡಿಯಿಂದ ಮತ್ತೆ ಮತ್ತೆ ಜಾರಿತು. ಆಚಾರಿ ಸಹಾಯಕ್ಕೆಂದು ಮುಂದೆ ಹೋದ. ನಾನು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದೆ. ಸಾಯಂಕಾಲದ ತನಕ ಬೇಕಾದರೂ ಒಳಗೇ ಕೂರುವ ಹೆಂಗಸು ಅದು.

ಮೂರನೆಯ ಕಡ್ಡಿಯೂ ಬಂತು. ಅದನ್ನು ಬಾಯಲ್ಲಿ ಕಚ್ಚಿ, ಬಾಗಿಲ ಅಂಚಿಗೆ ಬೆರಳು ತೂರಿಸಿ ಜಗ್ಗಿದರು. ಬಾಗಿಲು ಕಳಚಿ ಅವರ ಭುಜಕ್ಕೆ ಒರಗಿತು. ಒಳಗೆ ಪಂಕಜಾಕ್ಷಿ ಬೋರಲು ಹಾಕಿದ ಬಾಲ್ದಿಯ ಮೇಲೆ ಕೂತು ಕಣ್ಣೀರು ಸುರಿಸುತ್ತಿದ್ದಳು. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ.

ಸುಕುಮಾರಣ್ಣ ಬಾಯಿಂದ ಕಡ್ಡಿ ತೆಗೆದು ಆಚಾರಿಯ ಕೈಯಲ್ಲಿಟ್ಟರು.

"ಬೇಗ ಸಿಕ್ಕಿಸಿ ಕೊಡು ಮಾರಾಯ. ನನಗೆ ಹೋಗ್ಲಿಕ್ಕುಂಟು."

ಆಚಾರಿ ಬಾಗಿಲು ಮತ್ತೆ ಸಿಕ್ಕಿಸಿದ ಮೇಲೂ ನಾವು ಮೂವರೂ ಅಲ್ಲೇ ನಿಂತಿದ್ದೆವು. ಅವರು ಒಳಗೆ ಹೋಗಿ ಚಿಲಕ ಹಾಕಿಕೊಂಡರು.