ಜಪಾನಿನ ಬೆಟ್ಟದ ಕೋಟೆಯಲ್ಲಿ ಮಾವನವರ ಮೂರು ಕಲ್ಲು

ಮಾನ್ಯ ಓದುಗರಲ್ಲಿ,

ನನ್ನ ಕೈಬರಹ ಸೊಟ್ಟಗಿದ್ದು, ಕಾಗುಣಿತವೂ ಗಟ್ಟಿಯಿಲ್ಲದ ಕಾರಣ ಮೊದಲಿಗೇ ಕ್ಷಮೆ ಕೋರುತ್ತೇನೆ. ಇದುವರೆಗೆ ನಾನು ಬರೆದಿರುವುದು ನೇಕಾರರ ಸಂಘದ ಅರ್ಜಿಗಳನ್ನು ಮಾತ್ರ. ಬೇರೆ ರೀತಿ ತಿಳಿಯದೆ ಅದೇ ಧಾಟಿಯಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ನಾನು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವಳು. ನನಗೆ ಮಗ್ಗ ಕಲಿಸಿದವರು ಸೋದರಮಾವ. ಹೋದ ತಿಂಗಳು ಕೈಮಗ್ಗದ ಪ್ರದರ್ಶನವೊಂದಕ್ಕೆ ನಮ್ಮಿಬ್ಬರನ್ನೂ ಜಪಾನಿಗೆ ಕರೆದೊಯ್ಯಲಾಗಿತ್ತು. ಅಷ್ಟರಲ್ಲಾಗಲೇ ಮಾವನವರ ಒಂದು ಕಣ್ಣು ಪೂರ್ತಿ ಮಂಜಾಗಿ, ಇನ್ನೊಂದಕ್ಕೆ ಎಳೆ ಯಾವುದು, ಎಳೆಯ ನೆರಳು ಯಾವುದು ತಿಳಿಯದಂತಾಗಿತ್ತು. ಮರಳಿದ ಮೇಲೆ ಶಸ್ತ್ರಚಿಕಿತ್ಸೆಯೆಂದು ನಿಗದಿಯಾಗಿತ್ತು. ದೃಷ್ಟಿ ಬಂದೇ ಬರುತ್ತದೆಂದು ಮಾತ್ರ ವೈದ್ಯರು ಹೇಳಿರಲಿಲ್ಲ.

ಬಿಡುವಿನ ದಿನ ನಮ್ಮನ್ನು ಬೆಟ್ಟದ ತುದಿಯ ಹಳೆಯ ಕೋಟೆಯೊಂದಕ್ಕೆ ಕಳುಹಿಸಿದರು. ದುಭಾಷಿ ಹೆಣ್ಣುಮಗಳು ಕಾಲುನೋವೆಂದು ಕೆಳಗೆ ಬಸ್ಸಿನಲ್ಲೇ ಉಳಿದಳು. ಊರಿನ ದೇವರ ಬೆಟ್ಟ ಹತ್ತುವಾಗಿನಂತೆ, ಮೊದಲನೆಯ ಕಲ್ಲಿನ ಬಾಗಿಲಲ್ಲೇ ಮಾವನವರು ಬೂಟು ಬಿಚ್ಚಿದರು.

"ಇಲ್ಲಿ ಯಾರೂ ಬಿಚ್ಚಿಲ್ಲ ಮಾವ. ಚಳಿ ಐತ್ರಿ."

"ಅವರ ಕಾಲು ಅವರಿಷ್ಟ. ನೀನು ಬೂಟು ಹಿಡ್ಕ."

ತುದಿಯಲ್ಲಿ, ಕೋಟೆಯ ಮರದ ಮನೆಯ ಹೊಸಿಲಲ್ಲಿ, ಎಲ್ಲರಿಗೂ ಪಾದರಕ್ಷೆ ತೆಗೆಯುವಂತೆ ಸನ್ನೆ ಮಾಡಿ ಒಂದೊಂದು ಚೀಲ ಕೊಟ್ಟರು.

"ನೋಡಿದ್ಯೇನವ್ವಾ? ಇವರಿಗೆ ಬುದ್ಧಿ ಬರಾಕೆ ಇಷ್ಟು ಮ್ಯಾಲೆ ಹತ್ತಬೇಕಾತು," ಎಂದು ಮಾವನವರು ನಕ್ಕರು.

ಒಳಗಿನ ಮೆಟ್ಟಿಲು ಅಟ್ಟದ ಏಣಿಯಷ್ಟು ಕಡಿದಾಗಿತ್ತು. ಮೊದಲ ಮೆಟ್ಟಿಲನ್ನು ಕೈಯಿಂದ ತಡವಿ ನೋಡಿ ಅವರು ಹಿಂದಿರುಗಿದರು. ಅಂಗಳಕ್ಕೆ ಬಂದು, ಗೋಡೆಯ ಬುಡದಲ್ಲಿ ಕುಳಿತು, ಜೇಬಿನಿಂದ ಮೂರು ಕಲ್ಲು ತೆಗೆದರು. ನಮ್ಮೂರ ಹತ್ತಿರದ ಸಿದ್ದಾಪುರದ ಗುಡ್ಡದ ಕಲ್ಲುಗಳವು. ನನಗೂ ತಿಳಿಸದೆ ತಂದಿದ್ದರು. ನಮ್ಮ ಕಡೆ ಬೆಟ್ಟ ಹತ್ತಿದವರು ಮನಸ್ಸಿನಲ್ಲಿ ಬೇಡಿಕೊಂಡು ಕಲ್ಲಿನ ಮೇಲೆ ಕಲ್ಲು ಪೇರಿಸುವುದು ವಾಡಿಕೆ. ಅದು ನಿಂತಿದ್ದರೆ ಬೇಡಿದ್ದು ಆಗುತ್ತದೆಂಬ ನಂಬಿಕೆಯಿಂದ ಪರರ ಕಲ್ಲನ್ನು ಯಾರೂ ಮುಟ್ಟುವುದಿಲ್ಲ. ಮಾವನವರು ಬೆರಳಿನಿಂದಲೇ ಅಳೆದು, ಎರಡು ಸಲ ಬಿದ್ದ ಮೇಲೆ, ಮೂರನ್ನೂ ನಿಲ್ಲಿಸಿದರು. ಏನು ಬೇಡಿಕೊಂಡರೆಂದು ನಾನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ನಾವು ಹತ್ತು ಹೆಜ್ಜೆ ಹೋಗಿರಬಹುದು. ಅಂಗಳ ಗುಡಿಸುತ್ತಿದ್ದ ಹಿರಿಯರೊಬ್ಬರು ಅಲ್ಲಿಗೆ ಬಂದು, ಬಾಗಿ, ಮೂರೂ ಕಲ್ಲುಗಳನ್ನು ಜೋಪಾನವಾಗಿ ಎತ್ತಿ ಎಲೆಕಸದ ಬುಟ್ಟಿಗೆ ಹಾಕಿದರು. ನಾನು ಓಡಿಹೋಗಿ ಬುಟ್ಟಿಯನ್ನೂ ಮಾವನವರನ್ನೂ ತೋರಿಸಿ ಕೈಮುಗಿದೆ. ಆ ಹಿರಿಯರು ನನಗಿಂತ ಎರಡರಷ್ಟು ಬಾಗಿ ನಮಸ್ಕರಿಸಿ, ನಗುತ್ತಾ, ಬುಟ್ಟಿ ಸಮೇತ ಹೊರಟುಹೋದರು. ಅವರದೇನೂ ತಪ್ಪಿಲ್ಲವೆಂದು ಇಲ್ಲಿ ಸ್ಪಷ್ಟಪಡಿಸುತ್ತೇನೆ. ನನ್ನ ಬಳಿ ಅವರ ಭಾಷೆಯ ಒಂದು ಪದವೂ ಇರಲಿಲ್ಲ. ಕೈಯಲ್ಲಿ ಬೂಟಿನ ಚೀಲ ಮಾತ್ರ ಇತ್ತು.

"ಯಾಕೆ ಓಡಿದೆ? ನಿಂತೈತಾ?" ಎಂದು ಮಾವನವರು ಗೋಡೆಯ ಕಡೆಗೆ ಮುಖ ಮಾಡಿ ಕೇಳಿದರು.

"ನಿಂತೈತೆ ಮಾವ."

"ಮೂರೂ?"

"ಮೂರೂ ನಿಂತಾವ್ರಿ."

ಊರಿಗೆ ಬಂದಾಗಿನಿಂದ ಅವರು ಮಗ್ಗದ ಮನೆಗೆ ಬಂದವರಿಗೆಲ್ಲ, ಚಳ್ಳಕೆರೆಯ ಬೀಗರಿಗೂ ಫೋನಿನಲ್ಲಿ, ಆ ಕಲ್ಲುಗಳ ವಿಷಯ ಹೇಳುತ್ತಿದ್ದಾರೆ. ಸಾಕ್ಷಿಗೆ ನನ್ನನ್ನು ಕರೆಯುತ್ತಾರೆ. ನಾನು ಹೌದೆನ್ನುತ್ತೇನೆ. ಬರುವ ಸೋಮವಾರ ಶಸ್ತ್ರಚಿಕಿತ್ಸೆ. ಈಗ ಹೇಳಲೂ ಆಗದು, ಹೇಳದೆ ಜೊತೆಗೆ ಕೂರಲೂ ಆಗದು.

ಮೇಲಿನ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ತಿದ್ದಬೇಕು. ನಾನು ಮಾವನವರಿಗೆ ಕೊಟ್ಟ ಉತ್ತರವೂ ತಪ್ಪೆನಿಸಿದರೆ, ಅದನ್ನು ತಿದ್ದುವ ಬಗೆಯನ್ನು ಸೋಮವಾರದೊಳಗಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ.