ಬೀರುವಿನ ಹಿಂದೊಂದು ಬಾಗಿಲು

"ಸುಮ್ನೆ ನೋಡ್ತಾ ನಿಂತಿದೀರಲ್ಲ ಸಾರ್, ಒಂದ್ ಕೈ ಹಾಕಿ!" ಎಂದಳು ಆ ಹುಡುಗಿ.

ಅಂಕಪಟ್ಟಿಯ ನಕಲಿಗೆಂದು ಪೀಣ್ಯದ ನನ್ನ ಹಳೆಯ ಕಾಲೇಜಿಗೆ ಹೋದವನು, ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಸುಮ್ಮನೆ ಇಣುಕಿದ್ದೆ. ಒಳಗೆ ಮೂವರು ವಿದ್ಯಾರ್ಥಿನಿಯರು ನಮ್ಮ ಕಾಲದ ಕಬ್ಬಿಣದ ಬೀರುವನ್ನು ತಳ್ಳುತ್ತಿದ್ದರು. ಅದರ ಬೆನ್ನಿಗೊಂದು ಬಾಗಿಲಿದೆಯಂತೆ. ಹಿಂದಿನ ವಾರ ಆಸಿಡ್ ಬಾಟಲಿ ಒಡೆದು ಹೊಗೆಯೆದ್ದಾಗ, ಇರುವ ಒಂದೇ ಬಾಗಿಲಲ್ಲಿ ನೂಕುನುಗ್ಗಲಾಗಿ ಒಬ್ಬಳ ಕೈ ಮುರಿದಿತ್ತು. ಎರಡನೇ ಬಾಗಿಲು ತೆರೆಯುವವರೆಗೆ ಪ್ರಾಕ್ಟಿಕಲ್ ಮಾಡುವುದಿಲ್ಲವೆಂದು ಇಡೀ ತರಗತಿ ಪ್ರಾಂಶುಪಾಲರಿಗೆ ಬರೆದುಕೊಟ್ಟಿತ್ತು.

"ನಿಮ್ ಕಾಲ್ದಲ್ಲಿ ಯಾರಾದ್ರೂ ಈ ಬಾಗ್ಲು ಕೇಳಿದ್ರಾ? ನೀವೇ ಹೇಳಿ ಸಾರ್ ಇವ್ರಿಗೆ," ಎಂದರು ನಮ್ಮ ಕಾಲದಿಂದಲೂ ಅಲ್ಲೇ ಇದ್ದ ಅಟೆಂಡರ್ ಸಿದ್ದಣ್ಣ.

ಕೇಳಿರಲಿಲ್ಲ. ಕೆಮ್ಮು ಪಠ್ಯಕ್ರಮದಲ್ಲೇ ಇದೆಯೆಂದು ನಂಬಿದ್ದ ಘನ ಪೀಳಿಗೆ ನಮ್ಮದು. ಮೂಗಿಗೆ ಹಿಡಿದ ಒದ್ದೆ ಕರವಸ್ತ್ರವೇ ನಮ್ಮ ಸುರಕ್ಷತಾ ವ್ಯವಸ್ಥೆ; ಗೆಳೆಯನದನ್ನೂ ಒದ್ದೆ ಮಾಡಿಕೊಟ್ಟರೆ ಅದೇ ಸ್ನೇಹ. ಪ್ರಾಕ್ಟಿಕಲ್ ಮುಗಿದ ಮೇಲೆ ಇಡೀ ಕಟ್ಟಡ ಸುತ್ತಿಕೊಂಡು ಹೋಗಿ, ಹಿಂದಿನ ಹೊಂಗೆ ಮರದಡಿ ಉಸಿರಾಡುತ್ತಿದ್ದೆವು. ನಮ್ಮ ಹಾಡು, ಜಗಳ, ಮೊದಲ ಪ್ರೇಮಪತ್ರಗಳೆಲ್ಲ ಅಲ್ಲಿಯವೇ.

ನಾನೂ ಬೀರುವಿಗೆ ಕೈ ಹಾಕಿದೆ. ಅದು ಕಿರುಗುಟ್ಟುತ್ತ ಸರಿಯಿತು. ಸಿದ್ದಣ್ಣ ಗೊಣಗುತ್ತಲೇ ಚಿಲಕ ಎಳೆದರು. ಬಾಗಿಲಾಚೆ, ನಾಲ್ಕೇ ಹೆಜ್ಜೆಯಲ್ಲಿ, ಅದೇ ಹೊಂಗೆ ಮರ.

ಆ ದಿನಗಳನ್ನು ಈಗಲೂ ಪ್ರೀತಿಯಿಂದಲೇ ನೆನೆಯುತ್ತೇನೆ. ಬಾಗಿಲು ಕೇಳಬಹುದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ ಎಂದುಕೊಂಡಾಗ ಮಾತ್ರ ಸಣ್ಣಗೆ ಕೆಮ್ಮು ಬರುತ್ತದೆ.